ಹರಿಗೋಲಿನವನು ಕಂಡದ್ದು

"ಗುರುಗಳೇ, ದಾಖಲೆ ಸುಳ್ಳು ಹೇಳುತ್ತದೆಯೇ?" ಎಂದು ಬೂದಯ್ಯ ಕೇಳಿದ.

ಬೂದಯ್ಯ ಶಾಲೆಯ ಮೇಷ್ಟ್ರು. ಸಂಜೆಯಾದರೆ ಮಠಕ್ಕೆ ಬಂದು ಗುರುಗಳ ಹತ್ತಿರ ಕೂರುವವನು. ಮತದಾರರ ಪಟ್ಟಿ ನೋಡುವ ಕೆಲಸ ಅವನ ತಲೆಗೆ ಬಿದ್ದಿತ್ತು. ದೇಶದ ಗಡಿ ದಾಟಿ ಬಂದವರ ದಾಖಲೆಯನ್ನು ಪಟ್ಟಿಯ ಪಕ್ಕ ಇಟ್ಟು ನೋಡು, ಎರಡರಲ್ಲೂ ಇರುವ ಹೆಸರನ್ನು ಹೊಡೆದುಹಾಕು ಎಂದು ಮೇಲಿನವರು ಹೇಳಿದ್ದರು. ಅವನ ಓಣಿಯ ಕಮ್ಮಾರನ ಹೆಸರು ಎರಡರಲ್ಲೂ ಇತ್ತು. ಕಮ್ಮಾರ ಚಿಕ್ಕವನಿದ್ದಾಗ ತಾಯಿಯ ಜೊತೆ ಸಿಲೋನಿನಿಂದ ಹಡಗಿನಲ್ಲಿ ಬಂದವನು. ಆಮೇಲೆ ಈ ದೇಶದವನಾದನೋ ಇಲ್ಲವೋ, ಅದನ್ನು ಆ ದಾಖಲೆ ಹೇಳುತ್ತಿರಲಿಲ್ಲ. ನಾಳೆ ಹೆಸರು ಹೊಡೆಯಬೇಕು. ಮನೆಯಲ್ಲಿ ಹೇಳಿಕೊಳ್ಳೋಣ ಎಂದರೆ ಹೆಂಡತಿ ಚೊಚ್ಚಲ ಹೆರಿಗೆಗೆ ತವರಿಗೆ ಹೋಗಿದ್ದಳು.

"ಸುಳ್ಳು ಹೇಳುವುದಿಲ್ಲ," ಎಂದರು ಗುರುಗಳು. "ಹೊಳೆಯ ನಡುಗಡ್ಡೆಯ ಮೇಲೆ ಒಂದು ಊರಿತ್ತು, ಕೇಳು."

ಆ ಊರಿಗೆ ಸೇತುವೆ ಇರಲಿಲ್ಲ. ಬರುವವರು ಹರಿಗೋಲಿನಲ್ಲೇ ಬರಬೇಕು. ಹರಿಗೋಲು ನಡೆಸುವವನು ಒಬ್ಬನೇ. ಅವನಿಗಿಂತ ಮುಂಚೆ ಅವನ ಅಪ್ಪ. ಯಾರನ್ನು ಯಾವಾಗ ದಾಟಿಸಿದೆ ಎಂಬುದು ಅವನಿಗೆ ಮರೆಯುತ್ತಿರಲಿಲ್ಲ. ಅಪ್ಪ ದಾಟಿಸಿದವರನ್ನೂ ಬಾಯಲ್ಲೇ ಹೇಳುತ್ತಿದ್ದ.

ಊರಿಗೆ ಯಜಮಾನನನ್ನು ಆರಿಸುವ ದಿನ ಬಂತು. ಒಬ್ಬ ರೈತ, ಒಬ್ಬ ಸಾಹುಕಾರ ನಿಂತಿದ್ದರು. ಇಬ್ಬರಿಗೂ ಒಂದೊಂದು ಮಡಕೆ. ಮನಸ್ಸಿಗೆ ಒಪ್ಪಿದವನ ಮಡಕೆಗೆ ಕಲ್ಲು ಹಾಕುವುದು ಅಲ್ಲಿನ ಪದ್ಧತಿ. ಆ ಮಡಕೆಗಳನ್ನು ಮಾಡಿದವನು ಒಬ್ಬ ಕುಂಬಾರ. ನೆರೆಯಲ್ಲಿ ಊರು ಕೊಚ್ಚಿಹೋಗಿ, ಹೆಂಡತಿಯನ್ನು ಕರೆದುಕೊಂಡು ಬಂದು ಅಲ್ಲೇ ನೆಲೆನಿಂತವನು. ಅವನ ಮನೆಯ ಕಲ್ಲುಗಳು ರೈತನ ಕಡೆಗೆ ಬೀಳುತ್ತವೆ ಎಂಬ ಅನುಮಾನ ಸಾಹುಕಾರನಿಗೆ.

"ಹೊರಗಿನಿಂದ ಬಂದವರು ಕಲ್ಲು ಹಾಕಕೂಡದು," ಎಂದ ಸಾಹುಕಾರ. "ಯಾರು ಬಂದವರು ಅಂತ ಹರಿಗೋಲಿನವನೇ ಹೇಳಲಿ. ಅವನ ಕಣ್ಣು ತಪ್ಪಿಸಿ ಇಲ್ಲಿಗೆ ಇರುವೆಯೂ ಬಂದಿಲ್ಲ."

ಎಲ್ಲರಿಗೂ ಸರಿ ಎನಿಸಿತು. ಮಡಕೆಗಳ ಪಕ್ಕ ಚಾಪೆ ಹಾಸಿದರು. ಊರಿನವರು ಹರಿಗೋಲಿನವನನ್ನು ಕರೆದು ಕೂರಿಸಿದ್ದು ಅದೇ ಮೊದಲು. ಅವನು ಎದೆ ಸೆಟೆಸಿ ಕೂತ. ಕುಂಬಾರನ ಮೇಲೆ ಅವನಿಗೇನೂ ಸಿಟ್ಟಿರಲಿಲ್ಲ. ಕೇಳಿದ ಮೇಲೆ ಇದ್ದದ್ದು ಹೇಳಬೇಕಲ್ಲ ಎಂದುಕೊಂಡ.

ಮೊದಲು ಕುಂಬಾರ ಬಂದ. "ಇವನನ್ನು ದಾಟಿಸಿದ್ದು ನಾನೇ," ಎಂದ ಹರಿಗೋಲಿನವನು. ಕುಂಬಾರನೂ ಹೆಂಡತಿಯೂ ಬೇವಿನ ಮರದ ಕೆಳಗೆ ಸರಿದು ನಿಂತರು.

ಆಮೇಲೆ ಸಾಹುಕಾರ ಕಲ್ಲು ಹಿಡಿದು ಬಂದ. ಹರಿಗೋಲಿನವನು ತಡವರಿಸಿದ.

"ಸಾಹುಕಾರ್ರೇ, ನೀವೂ ಬಂದವರೇ."

"ಏನಂದೆ?"

"ನಿಮ್ಮವ್ವ ನಿಮ್ಮನ್ನು ಹೆತ್ತದ್ದು ಆಚೆ ದಡದಲ್ಲಿ, ತವರಿನಲ್ಲಿ. ಬಾಣಂತನ ಮುಗಿಸಿಕೊಂಡು ಎತ್ತಿಕೊಂಡು ಬಂದರು. ದಾಟಿಸಿದವನು ನಮ್ಮಪ್ಪ. ಹೊಳೆ ನಡುವೆ ಅವನ ಮೈಮೇಲೆ ಒಂದಕ್ಕೆ ಮಾಡಿದಿರಂತೆ. ಸಾಯೋ ತನಕ ಹೇಳಿ ನಗುತ್ತಿದ್ದ."

ಜನ ನಕ್ಕರು. ಆಮೇಲೆ ನಗು ತಾನಾಗಿ ನಿಂತಿತು. ನಡುಗಡ್ಡೆಯವರೆಲ್ಲ ಒಂದೇ ಬಳಗ. ಹೆಣ್ಣು ತರುವುದು ಆಚೆ ದಡದಿಂದ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಸೊಸೆಯರು, ಅತ್ತೆಯರು ಎಲ್ಲ ಬೇವಿನ ಮರದ ಕಡೆ ನಡೆದರು. ಸಾಹುಕಾರನೂ ಸೇರಿ ಮನೆಮನೆಯ ಹಿರಿಮಕ್ಕಳು ಅವರ ಹಿಂದೆ ನಡೆದರು. "ಎಲ್ಲಿಗಣ್ಣಾ ಹೊರಟೆ?" ಎಂದು ಒಬ್ಬ ತಮ್ಮ ಕೇಳಿದ. "ನನಗೂ ಗೊತ್ತಾಗ್ತಿಲ್ಲ ಕಣೋ, ನೀನು ಕಲ್ಲು ಹಾಕು," ಎಂದ ಅಣ್ಣ.

ಕುಂಬಾರನ ಹಿರಿಮಗನೂ ಅವರ ಜೊತೆ ಹೊರಟ.

"ನೀನು ನಿಲ್ಲು," ಎಂದ ಹರಿಗೋಲಿನವನು. "ನಿಮ್ಮವ್ವನಿಗೆ ಹೋಗೋಣ ಅಂದರೆ ತವರೇ ಉಳಿದಿರಲಿಲ್ಲ. ನೀನು ಇಲ್ಲೇ ಹುಟ್ಟಿದೆ, ಮಡಕೆ ಸುಡುವ ಆವಿಗೆಯ ಪಕ್ಕದಲ್ಲಿ. ನಿನ್ನನ್ನು ಈ ಊರಿಗೆ ನಾನು ತಂದಿಲ್ಲ."

ಊರಿನ ಹಿರಿಮಕ್ಕಳಲ್ಲಿ ಕಲ್ಲು ಹಾಕಿದವನು ಅವನೊಬ್ಬನೇ.

ಕೊನೆಗೆ ಹರಿಗೋಲಿನವನಿಗೆ ತಾನೂ ಚೊಚ್ಚಲ ಮಗ ಎಂಬುದು ನೆನಪಾಯಿತು. ಚಾಪೆ ಸುತ್ತಿಟ್ಟು ಅವನೂ ಎದ್ದು ನಡೆದ. ಮಡಕೆಗಳ ಬಳಿ, ಯಾರು ಬಂದವರು ಎಂದು ಹೇಳುವವನೇ ಇಲ್ಲವಾದ. ಮುಕ್ಕಾಲು ಊರು ಬೇವಿನ ಮರದ ಕೆಳಗೆ ನಿಂತಿತ್ತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಬೂದಯ್ಯನ ತಲೆ ಮೊದಲಿಗಿಂತ ಹೆಚ್ಚು ಗೋಜಲಾಗಿತ್ತು.

"ಅವನು ಹೇಳಿದ್ದರಲ್ಲಿ ಒಂದೂ ಸುಳ್ಳಿಲ್ಲವಲ್ಲ, ಗುರುಗಳೇ?"

"ಇಲ್ಲ."

"ಹಾಗಾದರೆ ನಾಳೆ ಆ ಕಮ್ಮಾರನ ಹೆಸರನ್ನು ಏನು ಮಾಡಲಿ? ಅವನು ಹೊರಗಿನಿಂದ ಬಂದವನು ಅನ್ನುವುದಂತೂ ನಿಜ."

"ನಿನ್ನ ಹೆಂಡತಿ ಕೂಸನ್ನೆತ್ತಿಕೊಂಡು ಬಂದು ಹೊಸ್ತಿಲಲ್ಲಿ ನಿಂತಾಗ, ಇದೇ ಮಾತನ್ನು ಹೇಳುತ್ತೀಯಾ, ತಮ್ಮಾ?"