ಮಸಿ ಕಾಣದ ನಲವತ್ತು ಓಲೆ

"ಕೇಳಿ, ಕೇಳಿ! ಗಡಿಯ ಕೋಟೆಯಲ್ಲಿ ತೀರಿಕೊಂಡ ಬಾಚರಸರ ಓಲೆ, ಪದ್ಯ, ಬರಹಗಳನ್ನೆಲ್ಲ ಒಂದು ಪುಸ್ತಕವಾಗಿ ಕಟ್ಟಬೇಕೆಂದು ಅರಸರ ಅಪ್ಪಣೆಯಾಗಿದೆ. ಕಟ್ಟುವವನಿಗೆ ಅರಮನೆಯ ಪುಸ್ತಕ ಭಂಡಾರದ ಅಧಿಕಾರ ಸಿಗುತ್ತದೆ. ಆದರೆ ಮೊದಲು ರಾಜಕುಮಾರಿ ಪದ್ಮಲೆಯವರು ಕೇಳುವ ಮೂರು ಒಗಟುಗಳನ್ನು ಬಿಡಿಸಬೇಕು. ತಪ್ಪಿದವನ ತಲೆ ಹೋಗುತ್ತದೆ!"

ಡಂಗುರದವನು ಬೀದಿ ದಾಟಿದ ಮೇಲೆ ಹೂವಾಡಗಿತ್ತಿಯೊಬ್ಬಳು ಪಕ್ಕದವಳಿಗೆ ಹೇಳಿದಳು: "ಬದುಕಿದ್ದಾಗ ಊರು ಬಿಡಿಸಿದರು. ಸತ್ತ ಮೇಲೆ ಪುಸ್ತಕವಂತೆ."

ಅವಳ ಮಾತು ಸುಳ್ಳಲ್ಲ. ಬಾಚರಸ ಆಸ್ಥಾನದಲ್ಲೇ ಬೆಳೆದವನು. ಹೊಗಳಿಕೆ ಕೇಳಿ ಕೇಳಿ ಅರಸನ ಕಿವಿ ಮಂದವಾಗಿದೆ ಎಂದು ಒಂದು ಬರಹದಲ್ಲಿ ಬರೆದ. ಅರಸ ಬಲ್ಲಹ ಅವನನ್ನು ಗಡಿಯ ಕೋಟೆಗೆ ಕಳಿಸಿದ. ಐದು ವರ್ಷದ ನಂತರ ಅಲ್ಲಿಂದ ಸಾವಿನ ಸುದ್ದಿ ಬಂತು. ಆಗ ಅರಸನಿಗೆ ಅವನ ಪದ್ಯಗಳು ನೆನಪಾದವು.

ಮೊದಲು ಬಂದವನು ಆಸ್ಥಾನಕವಿ ಲಕುಮರಸ. ಬಾಚರಸನ ಬಳಿ ಅಕ್ಷರ ಕಲಿತಿದ್ದ ಪದ್ಮಲೆ ನಗದೆ ಕೇಳಿದಳು:

"ಉಕ್ಕಿನಿಂದ ಮೈಯೆಲ್ಲ ಗೀರಿದರೂ ಅದು ಮಾತಾಡದು. ಮುಖಕ್ಕೆ ಮಸಿ ಬಳಿದ ಮೇಲೆ ಬಾಯಿ ಬಿಡುತ್ತದೆ. ಏನದು?"

"ಓಲೆಗರಿ, ಅಮ್ಮಣ್ಣಿಯವರೇ. ಇದನ್ನು ಮಕ್ಕಳೂ ಹೇಳುತ್ತಾರೆ."

"ನಲವತ್ತೊಂದು ಮಂದಿ ಒಂದೇ ದಾರಿ ಹಿಡಿದು ಒಂದೇ ಮನೆಗೆ ಬಂದರು. ಬಾಗಿಲು ದಾಟಿದರು, ಒಳಗೇ ಉಳಿದರು. ಆದರೂ ಒಬ್ಬರೂ ತಲುಪಲಿಲ್ಲ. ಯಾರವರು?"

ಲಕುಮರಸ ಗಂಟಲು ಸರಿಮಾಡಿಕೊಂಡ. "ಕಡಲು ಸೇರಿದ ನದಿಗಳು. ನಮ್ಮ ಪ್ರಭುಗಳ ಗುಣವೆಂಬ ಕಡಲನ್ನು..."

"ತಪ್ಪು," ಎಂದಳು ಪದ್ಮಲೆ. ಕಾವಲಿನವರು ಅವನನ್ನು ಕರೆದೊಯ್ದರು.

ಮರುದಿನ ಮಂತ್ರಿಯ ಅಳಿಯ ಸಿಂಗಣ ಬಂದ. ಎರಡನೆಯ ಒಗಟಿಗೆ "ಸೆರೆಯಾಳುಗಳು" ಎಂದ.

"ನಿನ್ನನ್ನೂ ಸೇರಿಸಿದರೆ ನಲವತ್ತೆರಡಾಯಿತಲ್ಲ," ಎಂದು ಅರಸ ನಕ್ಕ. ಸಭೆಯೂ ನಕ್ಕಿತು. ಪದ್ಮಲೆ ನಗಲಿಲ್ಲ. ಇಬ್ಬರ ತಲೆಯನ್ನೂ ಮೂರನೆಯ ದಿನ ತೆಗೆಯಬೇಕೆಂದು ತೀರ್ಮಾನವಾಯಿತು.

ಆ ಎರಡು ದಿನವೂ ಕಂಬದ ಪಕ್ಕದಲ್ಲಿ ಮಸಿಯ ಬಟ್ಟಲು ಹಿಡಿದು ಒಬ್ಬ ನಿಂತಿದ್ದ. ಹೆಸರು ಬೊಪ್ಪ. ಅರಮನೆಗೆ ಬರುವ ಓಲೆಗಳಲ್ಲಿ ಅಕ್ಷರವನ್ನು ಬರೀ ಕೊರೆದಿರುತ್ತಿದ್ದರು. ದೀಪದ ಕಾಡಿಗೆಯನ್ನು ಗರುಗದ ಸೊಪ್ಪಿನ ರಸದಲ್ಲಿ ಕಲಸಿ ಉಜ್ಜಿದರೆ ಮಾತ್ರ ಅದು ಕಣ್ಣಿಗೆ ಕಾಣುತ್ತಿತ್ತು. ಉಜ್ಜುವ ಕೆಲಸ ಬೊಪ್ಪನದು. ಗುಟ್ಟು ಹೊರಗೆ ಹೋಗಬಾರದೆಂದು ಆ ಕೆಲಸವನ್ನು ಓದಲು ಬಾರದವರಿಗೇ ಕೊಡುತ್ತಿದ್ದರು. ಆ ಕೆಲಸದವನಿಗೆ ಓದು ಬರುತ್ತದೆಂದು ತಿಳಿದರೆ ಅವನ ಬಲಗೈ ಕಡಿಯಬೇಕೆಂದು ಕಟ್ಟಳೆಯಿತ್ತು.

ಮೂರನೆಯ ದಿನ ಬೆಳಿಗ್ಗೆ ಬೊಪ್ಪ ಬಟ್ಟಲನ್ನು ಕೆಳಗಿಟ್ಟು ಮುಂದೆ ಬಂದ.

"ಏನೋ, ನಿನಗೂ ಭಂಡಾರ ಬೇಕೇನೋ?" ಎಂದ ಅರಸ.

"ಬೇಡ ಬುದ್ಧೀ. ಉತ್ತರ ಗೊತ್ತು. ಅದಕ್ಕೆ ಬಂದೆ."

"ಮೊದಲು ಕೈ ತೊಳೆದು ಬಾ ಅನ್ನಿ!" ಎಂದು ಯಾರೋ ಕೂಗಿದರು.

ಪದ್ಮಲೆ ಕೈಯೆತ್ತಿ ಸಭೆಯನ್ನು ಸುಮ್ಮನಾಗಿಸಿದಳು. "ಹೇಳು."

"ಮೊದಲನೆಯದು ಓಲೆಗರಿ, ತಾಯಿ. ಎರಡನೆಯದು ಬಾಚರಸರು ಗಡಿಯಿಂದ ಅರಸರಿಗೆ ಬರೆದ ನಲವತ್ತೊಂದು ಓಲೆ. ಒಂದೊಂದು ಬಂದಾಗಲೂ ಮಸಿ ಹಚ್ಚಲೇ ಎಂದು ಅರಸರಿಗೆ ಕೇಳಿ ಕಳಿಸಿದೆ. ಆಮೇಲೆ ನೋಡೋಣ ಅಂತ ಅಪ್ಪಣೆಯಾಯಿತು. ಅಟ್ಟದ ಮೇಲಿಟ್ಟೆ."

ಅರಸ ಮಗಳ ಮುಖ ನೋಡಿದ. ಅವಳು ಅವನತ್ತ ತಿರುಗಲಿಲ್ಲ.

"ಮೂರನೆಯದು. ಅಟ್ಟ ಹತ್ತಿ ನೋಡಿದೆ, ಆ ನಲವತ್ತೊಂದರಲ್ಲಿ ನಲವತ್ತು ಕುರುಡು. ಒಂದಕ್ಕೆ ಕಣ್ಣಿದೆ. ಕಣ್ಣು ಕೊಟ್ಟವನು ಯಾರು? ಕೊಟ್ಟು ಯಾಕೆ ಸುಮ್ಮನಿದ್ದ?" ಪದ್ಮಲೆ ಬೊಪ್ಪನತ್ತ ಬಾಗಿದಳು. "ಇದರ ಉತ್ತರ ನನಗೂ ಗೊತ್ತಿಲ್ಲ. ತಿಳಿಯಬೇಕೆಂದೇ ಅರಸರ ಡಂಗುರದಲ್ಲಿ ಈ ಒಗಟುಗಳನ್ನು ಸೇರಿಸಿದೆ."

ಬೊಪ್ಪ ತನ್ನ ಬಲಗೈ ನೋಡಿಕೊಂಡ.

"ನಾನು, ತಾಯಿ. ನನಗೆ ಓದು ಬರುತ್ತದೆ. ಕಲಿಸಿದವರು ಬಾಚರಸರೇ. ನಾನು ಮಸಿ ಅರೆಯುವಾಗ ಪಕ್ಕದಲ್ಲಿ ಕೂತು, ನನ್ನ ಬೆರಳು ಹಿಡಿದು ಅಕ್ಷರ ತಿದ್ದಿಸಿದರು. ಕೊನೆಯ ಓಲೆ ಬಂದಾಗ ಮನಸ್ಸು ತಡೆಯಲಿಲ್ಲ. ಮಸಿ ಹಚ್ಚಿ ಓದಿದೆ. 'ಜ್ವರ ಬಿಡುತ್ತಿಲ್ಲ. ಕ್ಷಮೆ ಬೇಡ, ಒಬ್ಬ ವೈದ್ಯನನ್ನು ಕಳಿಸಿ' ಅಂತಿತ್ತು."

"ಯಾಕೆ ಹೇಳಲಿಲ್ಲ?"

"ಹೇಳಿದರೆ ಓದು ಬರುತ್ತದೆಂದು ಗೊತ್ತಾಗುತ್ತಿತ್ತು. ಕೈ ಹೋಗುತ್ತದೆಂದು ಹೆದರಿದೆ. ಅವರು ಕೊಟ್ಟ ಅಕ್ಷರ ಅವರ ಪ್ರಾಣಕ್ಕೆ ಒದಗಲಿಲ್ಲ. ಈಗ ಈ ಇಬ್ಬರೂ ನಾನು ಬಾಯಿ ಮುಚ್ಚಿಕೊಂಡಿದ್ದಕ್ಕೇ ಸಾಯಬಾರದು."

ಅವನು ಕೈ ಮುಂದೆ ಚಾಚಿದ. ಕಾವಲಿನವನು ಅರಸನ ಸನ್ನೆಗಾಗಿ ಕಾದ.

ಅರಸ ಕೈಯೆತ್ತಿ ಕಾವಲಿನವನನ್ನು ತಡೆದ. "ಓದಿದವನ ಕೈ ಕಡಿದರೆ ಓದದವನದು ಏನನ್ನು ಕಡಿಯೋಣ?" ಎಂದ. ಆ ಕಟ್ಟಳೆ ಅಂದೇ ಹೋಯಿತು. ಸೆರೆಯಲ್ಲಿದ್ದ ಇಬ್ಬರೂ ಮನೆ ಸೇರಿದರು.

ಭಂಡಾರದ ಬೀಗದಕೈಯನ್ನು ಪದ್ಮಲೆ ಬೊಪ್ಪನ ಕೈಗಿಟ್ಟಳು. "ಕ್ಷಮಿಸಿದ್ದೇನೆಂದು ತಿಳಿಯಬೇಡ. ಉತ್ತರ ಹೇಳಿದ್ದಕ್ಕೆ ಕೊಟ್ಟಿದ್ದು," ಎಂದಳು. ಅವನು ತಲೆಯಾಡಿಸಿದ.

ಉಳಿದ ನಲವತ್ತು ಓಲೆಗಳಿಗೆ ಬೊಪ್ಪ ಮಸಿ ಹಚ್ಚಿ, ದಿನಕ್ಕೊಂದರಂತೆ ಸಭೆಯಲ್ಲಿ ಓದಿದ. ಹೆಚ್ಚಿನವುಗಳಲ್ಲಿ ದೂರಿರಲಿಲ್ಲ. ಗಡಿಯ ಹಳ್ಳಿಗಳ ಸುದ್ದಿ, ಹೊಸದೊಂದು ಪದ್ಯ, ಅಮ್ಮಣ್ಣಿ ಏನು ಓದುತ್ತಿದ್ದಾರೆ ಎಂಬ ವಿಚಾರಣೆ. ಅರಸ ಒಂದು ದಿನವೂ ನಡುವೆ ಎದ್ದು ಹೋಗಲಿಲ್ಲ.

ಪುಸ್ತಕ ಮುಗಿಯಿತು. ಮುನ್ನುಡಿಗೆಂದು ಲಕುಮರಸ ಹನ್ನೆರಡು ಗರಿ ಬರೆದು ತಂದ. ಅರಸ ಅದನ್ನು ಪಕ್ಕಕ್ಕಿಟ್ಟು, ಬರಿಗರಿಯೊಂದನ್ನು ತರಿಸಿ ತಾನೇ ಒಂದು ಸಾಲು ಕೊರೆದು ಬೊಪ್ಪನಿಗೆ ಕೊಟ್ಟ. ಬೊಪ್ಪ ಮಸಿ ಉಜ್ಜಿದ. ಸಾಲು ಎದ್ದು ಕಂಡಿತು: 'ನಲವತ್ತೊಂದು ಓಲೆ ಬಂದವು. ನಾನು ಓದಲಿಲ್ಲ.'

ಬೊಪ್ಪ ಅಪ್ಪಣೆ ಕೇಳಲಿಲ್ಲ. ಅದರ ಕೆಳಗೆ ಮತ್ತೊಂದು ಸಾಲು ಕೊರೆದು ಅದಕ್ಕೂ ಮಸಿ ಹಚ್ಚಿದ: 'ಒಂದನ್ನು ನಾನು ಓದಿದ್ದೆ.'