ಕಟ್ಟದೆ ಬಿಟ್ಟ ದೋಣಿ

ಕಾವೇರಿ ದಂಡೆಯ ಪುಟ್ಟ ಕ್ರೈಸ್ತ ಆಶ್ರಮವೊಂದರಲ್ಲಿ ಇನ್ನಾಸಪ್ಪ ಸ್ವಾಮಿಗಳು ಗುರುಗಳಾಗಿದ್ದರು. ಪಾದ್ರಿಯಾಗಲು ಸಿದ್ಧನಾಗುತ್ತಿದ್ದ ಚೌರಪ್ಪ ಅವರ ಶಿಷ್ಯ.

ಒಂದು ಸಂಜೆ ಚೌರಪ್ಪ ಯಾರಿಗೂ ಹೇಳದೆ ಆಶ್ರಮದ ದೋಣಿಯಲ್ಲಿ ನಡುಗಡ್ಡೆಗೆ ಹೋಗಿಬಂದ. ದಡ ಸೇರುವಾಗ ಪ್ರಾರ್ಥನೆಯ ಗಂಟೆ ಹೊಡೆಯಿತು. ಓಡಿದ. ದೋಣಿ ಕಟ್ಟುವುದನ್ನು ಮರೆತ. ಹೊಳೆ ಅದನ್ನು ಕೊಂಡೊಯ್ದು ಬಂಡೆಗೆ ಅಪ್ಪಳಿಸಿತು.

ಆಶ್ರಮದ ಅಂಬಿಗ ಮಾದಯ್ಯನೇ ದೋಣಿ ಕಟ್ಟಿಲ್ಲ ಎಂದು ಎಲ್ಲರೂ ಅಂದುಕೊಂಡರು. ಮೇಲ್ವಿಚಾರಕರು ಅವನನ್ನು ಕೆಲಸದಿಂದ ಬಿಡಿಸಿದರು.

ಚೌರಪ್ಪ ಸುಮ್ಮನಿದ್ದ.

ಮೂರನೆಯ ದಿನ ಅವನಿಗೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಗುರುಗಳ ಬಳಿ ಹೋದ. ಅವರು ಅವರೆಕಾಯಿ ಸುಲಿಯುತ್ತ ಕೂತಿದ್ದರು.

“ಸ್ವಾಮಿ, ಮನಸ್ಸಾಕ್ಷಿ ಅನ್ನುವುದು ಎಲ್ಲಿಂದ ಬಂತು? ಅದು ದೇವರ ದನಿಯೋ? ಇಲ್ಲಾ, ಚಿಕ್ಕಂದಿನಲ್ಲಿ ಅಮ್ಮ ಬೈದದ್ದು ಕಿವಿಯಲ್ಲಿ ಉಳಿದಿರುತ್ತದೆಯೋ?”

“ಯಾವುದಾದರೆ ನಿನಗೆ ಅನುಕೂಲ?”

ಚೌರಪ್ಪ ತಲೆ ತಗ್ಗಿಸಿದ.

“ದೋಣಿ ಒಯ್ದವನು ನಾನು.”

ಗುರುಗಳು ಬೈಯಲಿಲ್ಲ. ಮಡಿಲಿನ ಸಿಪ್ಪೆ ಕೊಡವಿ ಎದ್ದು ಚಪ್ಪಲಿ ಮೆಟ್ಟಿದರು.

“ನಡಿ.”

“ಎಲ್ಲಿಗೆ, ಸ್ವಾಮಿ?”

“ಯಾರಿಗೆ ಹೇಳಬೇಕೋ ಅವನ ಮನೆಗೆ.”

“ಅವನು ಕ್ಷಮಿಸದಿದ್ದರೆ?”

“ಆಗಲೂ ನೀನು ಹೇಳಿರುತ್ತೀಯಲ್ಲ.”

ಮಾದಯ್ಯ ಜಗಲಿಯ ಮೇಲೆ ಬಲೆ ಹೆಣೆಯುತ್ತಿದ್ದ. ಚೌರಪ್ಪ ಅವನ ಮುಂದೆ ಹೋಗಿ ನಿಂತ.

“ಮಾದಯ್ಯ, ದೋಣಿ ಕಟ್ಟದೆ ಬಿಟ್ಟವನು ನಾನು. ನಿನ್ನ ಮೇಲೆ ಅಪವಾದ ಬಂದಾಗ ಬಾಯಿ ಮುಚ್ಚಿಕೊಂಡಿದ್ದೆ. ತಪ್ಪಾಯಿತು.”

“ಗೊತ್ತು ಬುದ್ಧಿ. ಅವತ್ತು ಹೊಳೆ ಕಡೆಯಿಂದ ನೀವು ಓಡಿದ್ದು ಕಂಡಿದ್ದೆ.”

“ಮತ್ತೆ ಯಾಕೆ ಹೇಳಲಿಲ್ಲ?”

ಮಾದಯ್ಯ ಬಲೆ ಪಕ್ಕಕ್ಕಿಟ್ಟ.

“ಹೇಳೋಣ ಅಂತ ಎರಡು ಸಲ ಗೇಟಿನವರೆಗೂ ಬಂದೆ. ‘ಅವರೇ ಹೇಳ್ತಾರೆ, ಸ್ವಲ್ಪ ತಾಳು’ ಅಂತ ಒಳಗಿಂದ ಏನೋ ಅಂದಂಗಾಯ್ತು. ತಿರುಗಿ ಬಂದೆ.”

ಚೌರಪ್ಪನ ಕಣ್ಣು ತುಂಬಿ ಬಂತು. ಮಾದಯ್ಯ ಒಳಗೆ ಹೋಗಿ ಒಂದು ಚೊಂಬು ಮಜ್ಜಿಗೆ ತಂದುಕೊಟ್ಟ. ಅವತ್ತು ಚೌರಪ್ಪನ ಗಂಟಲಲ್ಲಿ ಇಳಿದದ್ದು ಅದೊಂದೇ.

ಮೇಲ್ವಿಚಾರಕರ ಎದುರಿಗೂ ಹೇಳುವುದಿತ್ತು. ಮೂವರೂ ಆಶ್ರಮಕ್ಕೆ ಹೊರಟರು. ಮಾದಯ್ಯ ಹುಟ್ಟನ್ನು ಹೆಗಲ ಮೇಲಿಟ್ಟುಕೊಂಡು ಮುಂದೆ ನಡೆದ.

ಹಿಂದೆ ಬರುತ್ತಿದ್ದ ಚೌರಪ್ಪ ಗುರುಗಳನ್ನು ಮೆಲ್ಲಗೆ ಕೇಳಿದ:

“ಸ್ವಾಮಿ, ಅವನು ಬೈಬಲ್ ಓದಿದವನಲ್ಲ. ದೇವರು ಕಲ್ಲಿನ ಹಲಗೆಯ ಮೇಲೆ ಬರೆದುಕೊಟ್ಟ ಹತ್ತು ಕಟ್ಟಳೆಗಳನ್ನು ಕೇಳಿದವನೂ ಅಲ್ಲ. ನನಗಾಗಿ ಕಾಯಬೇಕು ಅಂತ ಅವನಿಗೆ ಹೇಳಿಕೊಟ್ಟವರು ಯಾರು?”

“ದೇವರು ಆ ಕಟ್ಟಳೆಗಳನ್ನು ಕಲ್ಲಿನ ಮೇಲೆ ಬರೆದದ್ದು ಆಮೇಲೆ, ಮಗನೇ.”