ದುಗ್ಗನ ಮೂಗು, ಬೆಟ್ಟಮ್ಮನ ಕಾಲು

ಒಂದು ಕಾಡಿನಲ್ಲಿ ಬೆಟ್ಟಮ್ಮ ಎಂಬ ಆನೆಯಿದ್ದಳು. ಅವಳ ಬಲಗಾಲಿನ ತೊಗಲಿನ ಮಡಿಕೆಯಲ್ಲಿ ಸಣ್ಣವ್ವ ಎಂಬ ಸೂಕ್ಷ್ಮಜೀವಿ ತನ್ನ ಬಳಗದೊಡನೆ ವಾಸವಾಗಿದ್ದಳು. ಕಣ್ಣಿಗೆ ಕಾಣದಷ್ಟು ಚಿಕ್ಕವಳು, ಜಂಬ ಮಾತ್ರ ಆನೆಯಷ್ಟು. ಬೆಟ್ಟಮ್ಮ ಗುಡ್ಡ ಹತ್ತಿದರೆ ತಾನೇ ಹತ್ತಿದಂತೆ ಬೀಗುತ್ತಿದ್ದಳು. ಅವಳ ಅಜ್ಜಿ, ಮುತ್ತಜ್ಜಿಯರೂ ಆ ಕಾಲಿನಲ್ಲೇ ಹುಟ್ಟಿದವರು. ಬೀಗಿದರೆ ತಪ್ಪೇನು?

ಬೇಸಿಗೆಯಲ್ಲಿ ಒಂದು ದಿನ ಆ ಕಾಲಿಗೆ ಬಿದಿರುಮುಳ್ಳು ಚುಚ್ಚಿತು. ಗಾಯದೊಳಗೆ ದುಗ್ಗ ಎಂಬ ರೋಗಾಣು ತನ್ನ ನೆಂಟರನ್ನು ಕಟ್ಟಿಕೊಂಡು ನುಸುಳಿದ. ಕಾಲು ಕೊಳೆತರೆ ಬೆಟ್ಟಮ್ಮ ದೂರದ ಮಡುವಿನ ತನಕ ನಡೆಯಲಾರಳು. ಅವಳು ಬಿದ್ದರೆ ಹಾಲು ಕುಡಿಯುವ ಮರಿಯೂ ಉಳಿಯದು. ಸಣ್ಣವ್ವನಿಗೆ ಜೀವವೇ ಹೋದಂತಾಯಿತು.

ಆದರೆ ದುಗ್ಗ ಏನೂ ಮಾಡದೆ ತೆಪ್ಪಗೆ ಕುಳಿತಿದ್ದ. ಯಾಕೆಂದು ಸಣ್ಣವ್ವ ನಯವಾಗಿ ವಿಚಾರಿಸಿದಳು. ಅವನು ತನ್ನ ಜಾಣತನ ಕೊಚ್ಚಿಕೊಂಡ.

"ನಾಲ್ಕು ಜನ ಇರುವಾಗ ವಿಷ ಉಗುಳಿದ್ರೆ ರಕ್ತದ ಕಾವಲುಗಾರರು ನಮ್ಮನ್ನ ನುಂಗಿಬಿಡ್ತಾರೆ, ಸಣ್ಣವ್ವ. ಅದಕ್ಕೇ ಸುಮ್ಮನಿದ್ದು ಸಂಸಾರ ಬೆಳೆಸ್ತೀವಿ. ಒಬ್ಬೊಬ್ಬರೂ ಒಂದಿಷ್ಟು ವಾಸನೆ ಬಿಡ್ತೀವಿ. ವಾಸನೆ ದಟ್ಟ ಆಯ್ತು ಅಂದ್ರೆ ದಂಡು ಸೇರಿತು ಅಂತ ಅರ್ಥ. ಆಗ ಎಲ್ಲರೂ ಒಟ್ಟಿಗೆ ಉಗುಳ್ತೀವಿ."

"ತಲೆ ಎಣಿಸೋದಿಲ್ವೇನಪ್ಪ?"

"ನಮ್ಮ ಕುಲದಲ್ಲಿ ಆ ಪದ್ಧತಿ ಇಲ್ಲ. ಮೂಗು ಹೇಳಿದ್ದೇ ಮಾತು."

ಸಣ್ಣವ್ವ ಬಳಗವನ್ನು ಕೂಡಿಸಿದಳು. ಅವರ ಬಳಿ ವಿಷವಿರಲಿಲ್ಲ, ಹಲ್ಲೂ ಇರಲಿಲ್ಲ. ಆದರೆ ವಾಸನೆ ಕಟ್ಟುವ ವಿದ್ಯೆ ಅವರ ಮನೆತನದ್ದು. ದುಗ್ಗನ ವಾಸನೆಯನ್ನೇ ತಯಾರಿಸಿ ಗಾಯಕ್ಕೆ ಸುರಿಯೋಣ ಎಂದಳು. ಅವನು ವಿಷ ಉಗುಳಿದರೆ ಬೆಟ್ಟಮ್ಮನಿಗೆ ನೋಯುವುದಿಲ್ಲವೇ ಎಂದು ಅವಳ ತಂಗಿ ಅಳುಕಿದಳು. ಇವತ್ತು ಉಗುಳಿದರೆ ಚಿಟಿಕೆ ವಿಷ, ಕಾದು ಉಗುಳಿದರೆ ಕೊಡಗಟ್ಟಲೆ ಎಂದು ಸಣ್ಣವ್ವ ತಿಳಿಹೇಳಿದಳು. ಎಲ್ಲರೂ ಕೆಲಸಕ್ಕೆ ಕೂತರು.

ಗಾಯದ ತುಂಬ ವಾಸನೆ ಹಬ್ಬಿತು. ದುಗ್ಗ ಮೂಗರಳಿಸಿದ. ಇಷ್ಟು ಬೇಗ ಇಷ್ಟು ದೊಡ್ಡ ದಂಡೇ ಎಂದು ಹಿಗ್ಗಿ ಹೀರೇಕಾಯಿಯಾದ. ಹಿಂದೆ ತಿರುಗಿಯೂ ನೋಡದೆ, ಉಗುಳಿರೋ ಎಂದು ಅಪ್ಪಣೆ ಕೊಟ್ಟ.

ಬೆಟ್ಟಮ್ಮ ನೋವಿನಿಂದ ಕಾಲೆತ್ತಿದಳು. ಸಣ್ಣವ್ವ ಕಣ್ಣು ಮುಚ್ಚಿಕೊಂಡಳು. ವಿಷ ತಾಗಿದ್ದೇ ತಡ, ರಕ್ತದ ಕಾವಲುಗಾರರು ಎಚ್ಚೆತ್ತು ನುಗ್ಗಿ ಬಂದರು. ದುಗ್ಗ ತನ್ನ ದಂಡನ್ನು ಕೂಗಿದ. ಬಂದವರು ಅದೇ ನಾಲ್ಕು ನೆಂಟರು. ಕಾವಲುಗಾರರಿಗೆ ಅದು ಒಂದು ತುತ್ತಿಗೂ ಸಾಲಲಿಲ್ಲ.

ಗಾಯ ಒಣಗಿತು. ಬೆಟ್ಟಮ್ಮ ಮರಿಯನ್ನು ಕರೆದುಕೊಂಡು ಮಡುವಿಗೆ ನಡೆದಳು, ನೀರಿಗೆ ಆ ಬಲಗಾಲನ್ನೇ ಮೊದಲು ಇಟ್ಟಳು. ಕಾಪಾಡಿದ್ದು ನಾವು ಅಂತ ಅವಳಿಗೆ ಯಾರು ಹೇಳುತ್ತಾರೆ ಎಂದು ತಂಗಿ ಕೇಳಿದಳು.

"ಹೇಳೋದು ಯಾಕೆ?" ಎಂದಳು ಸಣ್ಣವ್ವ. "ಅಷ್ಟು ದೊಡ್ಡವಳು ನಿಂತಿರೋದು ನಮ್ಮ ಮೇಲೆ. ನಮಗೆ ಗೊತ್ತಲ್ಲ, ಸಾಕು."

ನೀತಿ: ಗುಂಪಿನ ಬಲ ನಂಬಿ ಕೇಡಿಗೆ ಹೊರಟವನು ಒಂಟಿಯಾಗಿ ಸಿಕ್ಕಿಬೀಳುತ್ತಾನೆ; ಆಸರೆ ಕೊಟ್ಟವರನ್ನು ಕಾಯುವವನು ಎಷ್ಟು ಚಿಕ್ಕವನಾದರೂ ತಲೆಯೆತ್ತಿ ಬಾಳುತ್ತಾನೆ.